ಹನ್ನೆರಡು ಮಂದಿಯ ಕಂಪನಿ ಮಾಡಿದ ಭದ್ರತಾ ತಂತ್ರಾಂಶವನ್ನು ನಂಬಬಹುದೇ?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಬಿಡಿಭಾಗಗಳ ಘಟಕವಿದೆ. ಕಚೇರಿ, ಡಿಸೈನ್ ವಿಭಾಗ, ಮಷೀನ್ ಶಾಪ್ ಎಲ್ಲ ಸೇರಿ 26 ಕಂಪ್ಯೂಟರ್‌ಗಳಿವೆ. ಎಚ್‌ಎಸ್‌ಆರ್ ಬಡಾವಣೆಯ ಒಂದು ಸಣ್ಣ ಕಂಪನಿಯವರು, ಒಟ್ಟು ಹನ್ನೆರಡು ಜನ ಇದ್ದಾರಂತೆ, ಸೈಬರ್ ದಾಳಿ ಆಗುವ ಮೊದಲೇ ತಡೆಯುವ ತಂತ್ರಾಂಶ ತಂದಿದ್ದಾರೆ. ಕಂಪ್ಯೂಟರ್ ಒಂದಕ್ಕೆ ವರ್ಷಕ್ಕೆ 2,400 ರೂಪಾಯಿ; ಮೂರು ವರ್ಷದ ಹಣ ಒಟ್ಟಿಗೆ ಕೊಟ್ಟರೆ ರಿಯಾಯಿತಿ. ಕೊಳ್ಳುವುದಾದರೆ ದೊಡ್ಡ ವಿದೇಶಿ ಕಂಪನಿಯದನ್ನೇ ಕೊಳ್ಳೋಣ ಎನ್ನುವುದು ಮಗನ ಮಾತು. ಆಂಟಿವೈರಸ್ ಇರುವಾಗ ಮತ್ತೇಕೆ ಖರ್ಚು ಎನ್ನುತ್ತಾರೆ ಅಕೌಂಟ್ಸ್ ನೋಡಿಕೊಳ್ಳುವವರು. ಈ ನಡುವೆ ನಮ್ಮ ದೊಡ್ಡ ಗ್ರಾಹಕರೊಬ್ಬರು ಸೈಬರ್ ಭದ್ರತೆಯ ಬಗ್ಗೆ ನಾಲ್ಕು ಪುಟದ ಪ್ರಶ್ನಾವಳಿ ಕಳಿಸಿದ್ದಾರೆ. ಏನು ಮಾಡಬೇಕು?

ಉತ್ತರ: ಹಾಕಿಸಬಹುದು. ಆದರೆ 26 ಕಂಪ್ಯೂಟರ್‌ಗಳಿಗೂ ಒಂದೇ ದಿನ ಬೇಡ, ಮೂರು ವರ್ಷದ ಹಣವನ್ನು ಮುಂಗಡ ಕೊಡುವುದೂ ಬೇಡ. ಇಂಥ ಯಾವುದೇ ತಂತ್ರಾಂಶವನ್ನು ಎರಡು ಲೆಕ್ಕಗಳಲ್ಲಿ ತೂಗಿ ನೋಡಬೇಕಾಗುತ್ತದೆ. ನಿಮ್ಮಲ್ಲಿ ಈಗಾಗಲೇ ತೆರೆದು ಬಿದ್ದಿರುವ ಯಾವ ಬಾಗಿಲುಗಳನ್ನು ಅದು ಮುಚ್ಚಿಸುತ್ತದೆ ಎಂಬುದು ಒಂದು ಲೆಕ್ಕ; ಒಳಗೆ ಬಂದು ಕೂರುವುದಕ್ಕಾಗಿ ಅದು ತಾನೇ ಯಾವ ಹೊಸ ಬಾಗಿಲನ್ನು ತೆರೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಮಾರಲು ಬಂದವರು ಕೇಳದಿದ್ದರೂ ಹೇಳುತ್ತಾರೆ. ಎರಡನೆಯದನ್ನು ಕೊಳ್ಳುವವರೇ ಬಾಯಿಬಿಟ್ಟು ಕೇಳಬೇಕು, ಹಾಗೆ ಕೇಳುವವರನ್ನು ನಾನು ನೋಡಿರುವುದು ಅಪರೂಪ.

ಮೊದಲು ನಿಮ್ಮ ಅಕೌಂಟ್ಸ್‌ನವರ ಮಾತನ್ನು ತೆಗೆದುಕೊಳ್ಳುತ್ತೇನೆ. ಆಂಟಿವೈರಸ್ ಮುಖ್ಯವಾಗಿ ಮಾಡುವುದು ಗುರುತು ಹಚ್ಚುವ ಕೆಲಸ. ಒಳಗೆ ಬಂದ ಫೈಲು ಕೆಟ್ಟದ್ದೆಂದು ಈಗಾಗಲೇ ಗೊತ್ತಿರುವವುಗಳ ಸಾಲಿಗೆ ಸೇರಿದೆಯೇ, ಇಲ್ಲವಾದರೆ ಅದರ ನಡವಳಿಕೆ ಅನುಮಾನಕ್ಕೆ ಎಡೆ ಕೊಡುವಂತಿದೆಯೇ ಎಂದು ಅದು ನೋಡುತ್ತದೆ. ತಡೆಗಟ್ಟುವ ಭದ್ರತೆ ಶುರುವಾಗುವುದು ಅದಕ್ಕಿಂತ ಮುಂಚೆ: ಆ ಫೈಲು ಬರುವ ದಾರಿಯೇ ಇಲ್ಲದಂತೆ, ಬಂದರೂ ಓಡದಂತೆ, ಓಡಿದರೂ ಪಕ್ಕದ ಕಂಪ್ಯೂಟರಿಗೆ ದಾಟದಂತೆ ಮೊದಲೇ ವ್ಯವಸ್ಥೆ ಮಾಡಿಡುವುದು. ಈ ವ್ಯತ್ಯಾಸಕ್ಕೆ ನಾನು ಈಗಲೂ ಕೊಡುವ ಉದಾಹರಣೆ ವಾನಾಕ್ರೈ. 2017ರ ಮೇ 12ರಂದು ಅದು ಹಬ್ಬಲು ಆರಂಭಿಸಿ ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ್ದು ವಿಂಡೋಸ್‌ನಲ್ಲಿದ್ದ ಒಂದು ದೋಷದ ಮೂಲಕ, ಮತ್ತು ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಪ್ಯಾಚ್, ಅಂದರೆ ದೋಷ ಸರಿಪಡಿಸುವ ತೇಪೆ, ಬಿಡುಗಡೆ ಮಾಡಿತ್ತು. ಅಂದರೆ ಸುಮಾರು ಎರಡು ತಿಂಗಳು ಮದ್ದು ಕೈಯಲ್ಲೇ ಇತ್ತು. ಪ್ಯಾಚ್ ಹಾಕಿಕೊಂಡಿದ್ದ ಕಂಪ್ಯೂಟರುಗಳನ್ನು ಆ ದೋಷದ ಮೂಲಕ ಹೊಕ್ಕುವುದಕ್ಕೆ ಅದಕ್ಕೆ ಆಗಲಿಲ್ಲ, ಅವುಗಳಲ್ಲಿ ಯಾವ ಆಂಟಿವೈರಸ್ ಇತ್ತು ಎಂಬ ಪ್ರಶ್ನೆಯೇ ಬರಲಿಲ್ಲ. ಹಾಗೆಂದು ಆಂಟಿವೈರಸ್ ತೆಗೆದುಹಾಕಬೇಡಿ. ಅದು ಸಾಕು ಎಂಬ ಮಾತು ಮಾತ್ರ ತಪ್ಪು.

ನಿಮ್ಮ ಘಟಕವನ್ನು ನಾನು ನೋಡಿಲ್ಲ. ಆದರೆ ಕೆಲವು ಸಮಯದ ಹಿಂದೆ ಪೀಣ್ಯದಲ್ಲೇ, ಹೆಚ್ಚೂಕಡಿಮೆ ನಿಮ್ಮಷ್ಟೇ ದೊಡ್ಡದಾದ ಒಂದು ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದೆ. ಮಾಲೀಕರು ಕಾಫಿ ತರಿಸುವಷ್ಟರಲ್ಲಿ, ಅವರ ಅನುಮತಿ ಪಡೆದು, ಅವರ ಇಂಟರ್ನೆಟ್ ವಿಳಾಸವನ್ನು ನನ್ನ ಲ್ಯಾಪ್‌ಟಾಪಿನಿಂದ ಹೊರಗಿನವನ ಹಾಗೆ ತಟ್ಟಿ ನೋಡಿದೆ. 3389ನೇ ಪೋರ್ಟ್ ತೆರೆದಿತ್ತು. ವಿಂಡೋಸ್ ಕಂಪ್ಯೂಟರನ್ನು ದೂರದಿಂದ ನಡೆಸುವುದಕ್ಕೆ ಬಳಸುವ ಬಾಗಿಲು ಅದು. 2020ರ ಲಾಕ್‌ಡೌನ್‌ನಲ್ಲಿ ಅಕೌಂಟ್ಸ್‌ನವರು ಮನೆಯಿಂದ ಟ್ಯಾಲಿ ನಡೆಸಲೆಂದು ಕಂಪ್ಯೂಟರ್ ಸರ್ವಿಸ್‌ನ ಹುಡುಗ ತೆರೆದುಕೊಟ್ಟಿದ್ದ. ಆಮೇಲೆ ಮುಚ್ಚಬೇಕೆಂದು ಯಾರಿಗೂ ತೋಚಿರಲಿಲ್ಲ. ಪಾಸ್‌ವರ್ಡ್ ಕೇಳಿದರೆ ಕಂಪನಿಯ ಹೆಸರು, ಅದರ ಮುಂದೆ ಒಂದು ಎರಡು ಮೂರು. ಮಷೀನ್ ಶಾಪಿಗೆ ಹೋದರೆ, ಕಂಪ್ಯೂಟರ್ ಪ್ರೋಗ್ರಾಮಿನಂತೆ ಕೆಲಸ ಮಾಡುವ ಸಿಎನ್‌ಸಿ ಯಂತ್ರವೊಂದರ ಪಕ್ಕದಲ್ಲಿ ವಿಂಡೋಸ್ ಎಕ್ಸ್‌ಪಿ ಓಡುತ್ತಿರುವ ಕಂಪ್ಯೂಟರ್. 2014ರ ಏಪ್ರಿಲ್‌ಗೇ ಅದರ ಬೆಂಬಲ ನಿಂತಿದೆ, ಆದರೆ ಯಂತ್ರ ಮಾರಿದವರ ತಂತ್ರಾಂಶ ಬೇರೆ ಯಾವುದರಲ್ಲೂ ಓಡುವುದಿಲ್ಲ. ಅದಕ್ಕೆ ಪ್ರೋಗ್ರಾಮ್ ಸಾಗಿಸುವ ಪೆನ್‌ಡ್ರೈವ್ ಯಂತ್ರದ ಹಿಡಿಕೆಗೆ ಸೆಣಬಿನ ದಾರದಲ್ಲಿ ನೇತಾಡುತ್ತಿತ್ತು, ಕಳೆದುಹೋಗಬಾರದೆಂಬ ಕಾಳಜಿ. ಅದೇ ಪೆನ್‌ಡ್ರೈವ್ ಊಟದ ಹೊತ್ತಿನಲ್ಲಿ ಎಲ್ಲೆಲ್ಲಿಗೆ ಹೋಗಿ ಬರುತ್ತದೆ ಎಂದು ಕೇಳಿದಾಗ ಆಪರೇಟರ್ ನಕ್ಕರೇ ಹೊರತು ಉತ್ತರ ಕೊಡಲಿಲ್ಲ. ಬ್ಯಾಕಪ್ ತೆಗೆಯುವ ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿತ್ತು, ಹೊಸದು. ಟ್ಯಾಲಿ ಇದ್ದ ಕಂಪ್ಯೂಟರಿಗೇ ವರ್ಷವಿಡೀ ಚುಚ್ಚಿಟ್ಟಿದ್ದರು. ಫೈಲುಗಳಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಬಂದರೆ ಮೊದಲು ಹುಡುಕುವುದು ಅಂಥದ್ದನ್ನೇ.

ಈ ನಾಲ್ಕು ಬಾಗಿಲುಗಳಲ್ಲಿ ಮೂರನ್ನು ಅಂದು ಸಂಜೆಯೊಳಗೆ ಖರ್ಚಿಲ್ಲದೆ ಮುಚ್ಚಿದೆವು. ನೀವೂ ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದನ್ನು ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕೆಲವು ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ. ಕೇಂದ್ರದ್ದೇ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ರೂಪಿಸಿದ ಯುಎಸ್‌ಬಿ ಪ್ರತಿರೋಧ್ ಯಾವ ಪೆನ್‌ಡ್ರೈವ್ ಯಾರ ಕೈಯಲ್ಲಿ ನಡೆಯಬೇಕೆಂದು ನಿಯಂತ್ರಿಸುತ್ತದೆ; ಆ್ಯಪ್‌ಸಂವಿದ್ ಎಂಬ ಇನ್ನೊಂದು, ಅನುಮತಿ ಪಡೆದ ಪ್ರೋಗ್ರಾಮುಗಳನ್ನು ಮಾತ್ರ ಓಡಲು ಬಿಡುತ್ತದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ ಎಂಬುದನ್ನು ಗಮನದಲ್ಲಿಡಿ; ನಿಮ್ಮ 26ರಲ್ಲಿ ಅಂಥವು ಎಷ್ಟಿವೆ ಎಂದು ಎಣಿಸಿ ಬರೆದಿಡಿ. ಆ ಪಟ್ಟಿಯೇ ಇಲ್ಲದ ಕಡೆ ಯಾವ ತಂತ್ರಾಂಶ ತಂದರೂ ಅದು ಕಾಯುವುದು ಗೊತ್ತಿರುವ ಕಂಪ್ಯೂಟರುಗಳನ್ನು ಮಾತ್ರ.

ಇನ್ನು ಆ ಎಚ್‌ಎಸ್‌ಆರ್ ಬಡಾವಣೆಯವರ ವಿಷಯ. ದಾಳಿ ತಡೆಯುವ ತಂತ್ರಾಂಶ ಎಂಬ ಹೆಸರಿನಲ್ಲಿ ಬೆಂಗಳೂರಿನ ಸಣ್ಣ ಕಂಪನಿಗಳು ಮಾರುವುದು ಬೇರೆ ಬೇರೆ ವಸ್ತುಗಳನ್ನು. ಕೆಲವರದು ಹೊರಗಿನಿಂದ ನೋಡುವ ಸಾಧನ: ನಾನು ಕಾಫಿಯ ಹೊತ್ತಿನಲ್ಲಿ ಮಾಡಿದ್ದನ್ನೇ ಪ್ರತಿದಿನ ತಾನಾಗಿ ಮಾಡಿ, ಹೊಸದಾಗಿ ಯಾವುದಾದರೂ ಬಾಗಿಲು ತೆರೆದುಕೊಂಡರೆ, ನಿಮ್ಮವರ ಪಾಸ್‌ವರ್ಡ್ ಎಲ್ಲಾದರೂ ಸೋರಿ ಮಾರಾಟಕ್ಕೆ ಬಂದಿದ್ದರೆ ತಿಳಿಸುತ್ತದೆ. ಇದಕ್ಕೆ ನಿಮ್ಮ ಕಂಪ್ಯೂಟರಿನೊಳಗೆ ಏನನ್ನೂ ಹಾಕಬೇಕಾಗಿಲ್ಲವಾದ್ದರಿಂದ ಅಪಾಯ ಕಡಿಮೆ. ಕೆಲವರು ಇಮೇಲ್ ಮತ್ತು ಇಂಟರ್ನೆಟ್ ವಿಳಾಸಗಳ ದಾರಿಯಲ್ಲಿ ಜರಡಿ ಇಡುತ್ತಾರೆ. ನೀವು ಬರೆದಿರುವುದನ್ನು ನೋಡಿದರೆ, ಕಂಪ್ಯೂಟರ್ ಒಂದಕ್ಕೆ ಇಷ್ಟು ಎಂದು ಬೆಲೆ ಕಟ್ಟಿರುವುದರಿಂದ, ನಿಮಗೆ ಬಂದಿರುವುದು ಮೂರನೆಯ ಬಗೆ: ಪ್ರತಿ ಕಂಪ್ಯೂಟರಿನಲ್ಲೂ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಮ್ ಕೂರುತ್ತದೆ, ಯಾವುದು ಓಡಬೇಕು ಯಾವುದು ಓಡಬಾರದು ಎಂದು ತೀರ್ಮಾನಿಸುತ್ತದೆ, ಪ್ಯಾಚ್ ಬಾಕಿ ಇದ್ದರೆ ಹಾಕುತ್ತದೆ, ಮತ್ತು ಇದನ್ನೆಲ್ಲ ಅವರ ಸರ್ವರಿಗೆ ವರದಿ ಮಾಡುತ್ತದೆ. ಇಷ್ಟು ಮಾಡಬೇಕಾದರೆ ಆ ಏಜೆಂಟಿಗೆ ಕಂಪ್ಯೂಟರಿನ ಮೇಲೆ ಮಾಲೀಕನಿಗಿಂತ ಹೆಚ್ಚಿನ ಅಧಿಕಾರ ಬೇಕು. ಅದು ನಿಮ್ಮ ಟ್ಯಾಲಿಯನ್ನು ತಡೆಯಬಲ್ಲದು, ಡ್ರಾಯಿಂಗುಗಳನ್ನು ಓದಬಲ್ಲದು, ದೂರದಿಂದ ಬಂದ ಆದೇಶವನ್ನು ಪಾಲಿಸಬಲ್ಲದು. ಅಷ್ಟು ಅಧಿಕಾರವಿಲ್ಲದೆ ಅದಕ್ಕೆ ಕೆಲಸವೂ ಆಗದು.

ಬೇಲಿಯೇ ಎದ್ದು ಹೊಲ ಮೇಯುವುದು ಈ ಕ್ಷೇತ್ರದಲ್ಲಿ ಬರೀ ಗಾದೆಯಲ್ಲ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವಿನಾಶಕಾರಿ ತಂತ್ರಾಂಶ ಉಕ್ರೇನಿನಿಂದ ಹೊರಟು ಪ್ರಪಂಚವನ್ನೆಲ್ಲ ಸುತ್ತಿತು. ಅದು ಹೊರಟ ಜಾಗ ಎಂ.ಇ.ಡಾಕ್ ಎಂಬ ತೆರಿಗೆ ಲೆಕ್ಕದ ತಂತ್ರಾಂಶದ ಅಪ್‌ಡೇಟ್ ಸರ್ವರ್. ನಮ್ಮಲ್ಲಿ ಟ್ಯಾಲಿ ಹೇಗೋ ಹಾಗೆ ಅಲ್ಲಿನ ಕಚೇರಿಗಳಲ್ಲಿ ಮನೆಮಾತಾಗಿದ್ದ ಆ ತಂತ್ರಾಂಶವನ್ನು ಮಾಡುತ್ತಿದ್ದದ್ದು ಕೀವ್ ನಗರದ ಒಂದು ಸಣ್ಣ ಕುಟುಂಬದ ಕಂಪನಿ. ದಾಳಿಕೋರರು ಸಾವಿರಾರು ಗ್ರಾಹಕರನ್ನು ಒಬ್ಬೊಬ್ಬರನ್ನಾಗಿ ಮುರಿಯುವ ಗೋಜಿಗೆ ಹೋಗದೆ ಆ ಒಂದು ಸರ್ವರನ್ನು ಹಿಡಿದರು. ಗ್ರಾಹಕರು ಎಂದಿನಂತೆ ಅಪ್‌ಡೇಟ್ ಒತ್ತಿದರು. ಹಡಗು ಸಾಗಣೆಯ ಮರ್ಸ್ಕ್ ಕಂಪನಿಗೆ ಅದರಿಂದ 25ರಿಂದ 30 ಕೋಟಿ ಡಾಲರ್ ನಷ್ಟವಾಯಿತೆಂದು ಆ ಕಂಪನಿಯೇ ಅಂದಾಜಿಸಿತು, ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿದ್ದ ಅವರ ಟರ್ಮಿನಲ್ಲೂ ಕೆಲಸ ನಿಲ್ಲಿಸಬೇಕಾಯಿತು. ಸಣ್ಣ ಕಂಪನಿಯ ಅಪ್‌ಡೇಟ್ ಸರ್ವರನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇದಕ್ಕಾಗಿ.

ಹಾಗಾದರೆ ಮಗ ಹೇಳುವಂತೆ ದೊಡ್ಡವರ ಹತ್ತಿರ ಹೋಗುವುದೇ ವಾಸಿಯಲ್ಲವೇ ಎಂದು ನೀವು ಕೇಳಬಹುದು. 2024ರ ಜುಲೈ 19ರ ಶುಕ್ರವಾರ ನಿಮಗೆ ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಈ ಕ್ಷೇತ್ರದ ಅತಿ ದೊಡ್ಡ ಹೆಸರುಗಳಲ್ಲಿ ಒಂದು. ಅದರ ಏಜೆಂಟಿಗೆ ಬಂದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಸಂಸ್ಥೆಗಳ ಕೆಲಸ ಕುಂಟಿತು. ಅಂದು ಯಾರೂ ದಾಳಿ ಮಾಡಿರಲಿಲ್ಲ. ಆ ಅಪ್‌ಡೇಟನ್ನು ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡರೂ ಅಷ್ಟರಲ್ಲಿ ಅದು ತಲುಪಬೇಕಾದಲ್ಲಿಗೆಲ್ಲ ತಲುಪಿಯಾಗಿತ್ತು. ಎಲ್ಲರಿಗೂ ಒಂದೇ ಸಲಕ್ಕೆ ಕಳಿಸದೆ ಮೊದಲು ಕೆಲವರಿಗೆ ಕಳಿಸಿ ನೋಡಿದ್ದರೆ ಹಾನಿ ಅಲ್ಲಿಗೇ ನಿಲ್ಲುತ್ತಿತ್ತು. ಕಂಪನಿ ದೊಡ್ಡದೋ ಸಣ್ಣದೋ ಎಂಬುದಕ್ಕಿಂತ ಅಪ್‌ಡೇಟ್ ಹೇಗೆ ಕಳಿಸುತ್ತಾರೆ ಎಂಬುದೇ ಹೆಚ್ಚು ಮುಖ್ಯವೆಂದು ನಾನು ಎಣಿಸುವುದು ಅದರಿಂದ. ದೊಡ್ಡವರ ಬಳಿ ಹೆಚ್ಚು ತಜ್ಞರು, ಹೆಚ್ಚು ಮಾಹಿತಿ ಇರುವುದು ನಿಜ. ಆದರೆ 26 ಕಂಪ್ಯೂಟರ್‌ಗಳ ಗ್ರಾಹಕನಿಗೆ ಅಲ್ಲಿ ಸಿಗುವುದು ಸಹಾಯವಾಣಿಯ ಟಿಕೆಟ್ ಸಂಖ್ಯೆ, ಅಷ್ಟೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೊಮ್ಮೆ ನನ್ನ ಗ್ರಾಹಕರೊಬ್ಬರ ಕಚೇರಿಗೆ ಇಂಥದೇ ಸಣ್ಣ ಕಂಪನಿಯೊಂದರ, ಅನುಮತಿ ಪಟ್ಟಿಯ ಮೇಲೆ ನಡೆಯುವ ಸಾಧನವನ್ನು ಹಾಕಿಸಿದೆ. ಪಟ್ಟಿಯಲ್ಲಿ ಇಲ್ಲದ ಯಾವ ಪ್ರೋಗ್ರಾಮೂ ಓಡಬಾರದೆಂಬುದು ಅದರ ನಿಯಮ. ಮೊದಲ ಕೆಲವು ವಾರ ಯಾವುದನ್ನೂ ತಡೆಯದೆ ಬರೀ ನೋಡಿ ಬರೆದುಕೊಳ್ಳುವ ಸ್ಥಿತಿಯಲ್ಲಿ ಅದನ್ನು ಇಡಬೇಕಿತ್ತು. ಒಂದು ವಾರ ನೋಡಿ, ಸಾಕೆಂದು ತಡೆಯುವ ಸ್ಥಿತಿಗೆ ತಿರುಗಿಸಿಬಿಟ್ಟೆ. ಆ ವಾರದಲ್ಲಿ 20ನೇ ತಾರೀಖು ಬಂದಿರಲಿಲ್ಲ. ಮುಂದೆ ಬಂದಾಗ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ, ಡಿಜಿಟಲ್ ಸಹಿ ಹಾಕುವ ಪುಟ್ಟ ಪ್ರೋಗ್ರಾಮ್ ತೆರೆಯುವುದೇ ಇಲ್ಲ. ಅದು ತಿಂಗಳಿಗೊಮ್ಮೆ ಮಾತ್ರ ಎದ್ದು ಕೆಲಸ ಮಾಡುವಂಥದ್ದು. ಪಟ್ಟಿಗೆ ಅದರ ಹೆಸರು ಸೇರಿಯೇ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ನನಗೆ ಫೋನ್ ಬಂತು, ಬೈಗುಳ ಸಮೇತ. ಆರು ಗಂಟೆಗೆ ಆ ತಂತ್ರಾಂಶ ಕಟ್ಟಿದ ಹುಡುಗನೇ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿಕೊಂಡು ಬೈಕಿನಲ್ಲಿ ಬಂದ, ಹೆಲ್ಮೆಟ್ ಮೇಜಿನ ಮೇಲಿಟ್ಟು ಹತ್ತು ನಿಮಿಷದಲ್ಲಿ ಸರಿಮಾಡಿದ, ಮಾರನೆಯ ವಾರ ಬಂದ ಅಪ್‌ಡೇಟ್‌ನಲ್ಲಿ ಡಿಜಿಟಲ್ ಸಹಿಯ ಪ್ರೋಗ್ರಾಮುಗಳಿಗೆ ಎಲ್ಲ ಗ್ರಾಹಕರಿಗೂ ದಾರಿ ಬಿಟ್ಟಿದ್ದ. ನಮ್ಮೂರಿನ ಕಚೇರಿಗಳಲ್ಲಿ 20ನೇ ತಾರೀಖು ಎಂದರೇನೆಂದು ಗೊತ್ತಿರುವವರು ಹತ್ತಿರದಲ್ಲಿರುವುದರ ಲಾಭ ಅಂದು ಚೆನ್ನಾಗಿ ತಿಳಿಯಿತು. ಅವನಿಗೆ ಅಂದು ಜ್ವರ ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯೂ ರಾತ್ರಿ ಮನೆಗೆ ಹೋಗುವಾಗ ಬಂತು.

ಆದ್ದರಿಂದ ಅವರು ಮುಂದಿನ ಸಲ ಬಂದಾಗ ಡ್ಯಾಶ್‌ಬೋರ್ಡಿನ ಬಣ್ಣಗಳನ್ನು ಬದಿಗಿಟ್ಟು ಮಾತು ಆರಂಭಿಸಿ. ಅಪ್‌ಡೇಟಿಗೆ ಡಿಜಿಟಲ್ ಸಹಿ ಇದೆಯೇ, ಆ ಸಹಿಯ ಕೀಲಿ ಎಲ್ಲಿದೆ, ಹೊಸ ಅಪ್‌ಡೇಟ್ ಎಲ್ಲ ಗ್ರಾಹಕರಿಗೂ ಒಟ್ಟಿಗೆ ಹೋಗುತ್ತದೆಯೋ ಹಂತಹಂತವಾಗಿಯೋ, ಕೆಟ್ಟರೆ ಹಿಂದಿನ ಆವೃತ್ತಿಗೆ ಮರಳುವುದು ಹೇಗೆ ಎಂದು ಕೇಳಿ. ಅವರ ಹನ್ನೆರಡು ಜನರಲ್ಲಿ ಎಷ್ಟು ಮಂದಿ ನಿಮ್ಮ ಕಂಪ್ಯೂಟರುಗಳಿಗೆ ಆದೇಶ ಕಳಿಸಬಲ್ಲರು, ಹಾಗೆ ಕಳಿಸುವಾಗ ಪಾಸ್‌ವರ್ಡಿನ ಜೊತೆ ಎರಡನೆಯ ದೃಢೀಕರಣ ಬೇಕೇ ಬೇಕೆಂಬ ನಿಯಮವಿದೆಯೇ, ಕಳಿಸಿದ್ದು ಎಲ್ಲಾದರೂ ದಾಖಲಾಗುತ್ತದೆಯೇ ಎಂದು ಕೇಳಿ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ 2021ರ ಮೇ ತಿಂಗಳಲ್ಲಿ ತೈಲ ಸಾಗಣೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು ಬಳಕೆಯಲ್ಲಿ ಇಲ್ಲದ ಒಂದು ಹಳೆಯ ಖಾತೆಯಿಂದ; ಅದಕ್ಕೆ ಎರಡನೆಯ ದೃಢೀಕರಣ ಇರಲಿಲ್ಲ. ನಿಮ್ಮ ಡ್ರಾಯಿಂಗುಗಳು ಗ್ರಾಹಕರ ಸ್ವತ್ತಾಗಿರುವುದರಿಂದ, ಅನುಮಾನ ಬಂದ ಫೈಲನ್ನು ಏಜೆಂಟ್ ಇಡಿಯಾಗಿ ಅವರ ಸರ್ವರಿಗೆ ಕಳಿಸುತ್ತದೆಯೋ ಅದರ ಬೆರಳಚ್ಚಿನಂಥ ಸಂಖ್ಯೆಯನ್ನು ಮಾತ್ರ ಕಳಿಸುತ್ತದೆಯೋ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ಮಾನ್ಯತೆ ಪಡೆದ ತಪಾಸಕರಿಂದ ತಮ್ಮದೇ ತಂತ್ರಾಂಶವನ್ನು ಪರೀಕ್ಷೆ ಮಾಡಿಸಿದ್ದಾರೆಯೇ, ಆ ವರದಿಯ ಸಾರಾಂಶ ತೋರಿಸುತ್ತಾರೆಯೇ? ಐಐಎಸ್‌ಸಿ ಆಶ್ರಯದಲ್ಲಿರುವ ಕರ್ನಾಟಕದ ಸೈಬರ್ ಭದ್ರತಾ ಶ್ರೇಷ್ಠತಾ ಕೇಂದ್ರದ ನವೋದ್ಯಮ ಕಾರ್ಯಕ್ರಮದಲ್ಲಿ ಇದ್ದು ಬಂದವರೆಂದು ಹೇಳಿದರೆ, ಅದು ಜನರ ಬಗ್ಗೆ ಒಳ್ಳೆಯ ಮಾತು. ವಸ್ತುವಿನ ಬಗ್ಗೆ ಖಾತರಿಯೆಂದು ಓದಬೇಡಿ.

ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ನಾಳೆ ತಿಳಿಸುತ್ತೇನೆ ಎಂದು ಹೇಳಿ ನಿಜವಾಗಿಯೂ ಮಾರನೆಯ ದಿನ ತಿಳಿಸುವವರ ಮೇಲೆ ನನಗೆ ಹೆಚ್ಚು ವಿಶ್ವಾಸ. ಎಲ್ಲಕ್ಕೂ ನಮ್ಮ ಕೃತಕ ಬುದ್ಧಿಮತ್ತೆ ನೋಡಿಕೊಳ್ಳುತ್ತದೆ ಎಂದು ಹೇಳುವವರ ಬಳಿ ಒಂದೇ ಒಂದು ಉದಾಹರಣೆ ಬಿಡಿಸಿ ತೋರಿಸಲು ಕೇಳಿ. ಆ ಮಾತು ಹೆಚ್ಚಿನ ಪಾಲು ಅಲ್ಲಿಗೇ ಮುಗಿಯುತ್ತದೆ. ಶೇಕಡ ನೂರು ತಡೆಯುತ್ತೇವೆ ಎಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಕಾನೂನಿನ ಒಂದು ಭಾಗವೂ ಒಪ್ಪಂದದೊಳಗೆ ಬರಬೇಕು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದು ಹೆಸರಿಸಿರುವ ಬಗೆಯ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಕಂಪ್ಯೂಟರ್‌ಗಳಲ್ಲಿ ಏನೇನು ನಡೆಯಿತೆಂಬ ಲಾಗ್ ದಾಖಲೆಗಳನ್ನು 180 ದಿನಗಳವರೆಗೆ ಇಟ್ಟುಕೊಂಡಿರಬೇಕು. ಆ ಏಜೆಂಟ್ ಕಂಡದ್ದನ್ನು ಅವರು ನಿಮಗೆ ಎಷ್ಟು ಹೊತ್ತಿನೊಳಗೆ ತಿಳಿಸುತ್ತಾರೆ ಎಂಬುದು ಲಿಖಿತವಾಗಿ ಇಲ್ಲದಿದ್ದರೆ ನಿಮ್ಮ 6 ಗಂಟೆಯ ಗಡುವು ಅವರ ಕಚೇರಿಯ ರಜೆಯ ದಿನಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಅವರು ಮುಚ್ಚಿಕೊಂಡು ಹೋದರೆ, ಅಥವಾ ಬೇರೆಯವರಿಗೆ ಮಾರಿಕೊಂಡರೆ, ಏಜೆಂಟ್ ಏನಾಗುತ್ತದೆ ಎಂಬುದನ್ನೂ ಬರೆಸಿ. ಹನ್ನೆರಡು ಜನರ ಕಂಪನಿಗೆ ಮೂರು ವರ್ಷ ದೊಡ್ಡ ಅವಧಿ. ರಿಯಾಯಿತಿಯ ಆಸೆ ಬಿಟ್ಟು ವರ್ಷವರ್ಷಕ್ಕೆ ಕೊಡಿ. 26 ಕಂಪ್ಯೂಟರ್‌ಗಳಿಗೆ ವರ್ಷಕ್ಕೆ 62,400 ರೂಪಾಯಿ ಮತ್ತು ತೆರಿಗೆ. ನಿಮ್ಮಲ್ಲಿ ಒಂದು ದಿನ ಮಷೀನ್ ನಿಂತರೆ ಆಗುವ ನಷ್ಟದೊಂದಿಗೆ ನೀವೇ ಹೋಲಿಸಿ ನೋಡಿ.

ಇಷ್ಟು ಮಾಡಿದರೂ ಒಂದು ಬಗೆಯ ಮೋಸವನ್ನು ಯಾವ ಏಜೆಂಟೂ ತಡೆಯುವುದಿಲ್ಲ, ಮತ್ತು ನಿಮ್ಮಂಥ ಘಟಕಗಳು ಹಣ ಕಳೆದುಕೊಳ್ಳುವುದನ್ನು ನಾನು ನೋಡಿರುವುದು ಹೆಚ್ಚಾಗಿ ಅದರಲ್ಲೇ. ಕಚ್ಚಾಮಾಲು ಕೊಡುವವರಿಂದ ಇಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಈ ಹೊಸ ಖಾತೆಗೆ ಹಾಕಿ. ಇನ್‌ವಾಯ್ಸ್ ಸಂಖ್ಯೆ ಸರಿಯಾಗಿದೆ, ಮೊತ್ತ ಪೈಸೆಯವರೆಗೆ ಸರಿಯಾಗಿದೆ, ಕೆಳಗೆ ಎಂದಿನ ಸಹಿ. ಕಳಿಸಿದವರ ವಿಳಾಸದಲ್ಲಿ ಇಂಗ್ಲಿಷಿನ ಎಂ ಅಕ್ಷರ ಇರಬೇಕಾದಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ ನಿಂತಿವೆ. ಮೊಬೈಲ್ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇಲ್ಲಿ ವೈರಸ್ ಇಲ್ಲ, ಫೈಲಿಲ್ಲ, ತಡೆಯುವುದಕ್ಕೆ ಏನೂ ಇಲ್ಲ. ನಿಮ್ಮ ಡೊಮೇನಿನ ಹೆಸರಿನಲ್ಲೇ ಬೇರೆಯವರು ಇಮೇಲ್ ಕಳಿಸದಂತೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಏರ್ಪಾಡುಗಳನ್ನು ಮಾಡಿಸಿಕೊಳ್ಳಬೇಕು. ಡಿಮಾರ್ಕನ್ನು ಬರೀ ಗಮನಿಸುವ ಸ್ಥಿತಿಯಲ್ಲಿ ಇಟ್ಟು ಮರೆತುಬಿಟ್ಟವರೇ ಜಾಸ್ತಿ, ಅದನ್ನು ತಿರಸ್ಕರಿಸುವ ಸ್ಥಿತಿಯವರೆಗೆ ಒಯ್ಯಬೇಕು. ಆದರೆ ಮೇಲೆ ಹೇಳಿದಂಥ ಹೋಲುವ ವಿಳಾಸಕ್ಕೆ ಅದರಿಂದಲೂ ತಡೆಯಿಲ್ಲ. ಖಾತೆ ಬದಲಾವಣೆ ಎಂದು ಬಂದ ಯಾವುದೇ ಪತ್ರಕ್ಕೆ, ಆ ಪತ್ರದಲ್ಲಿರುವ ನಂಬರಿಗಲ್ಲದೆ ನಿಮ್ಮ ಹಳೆಯ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಹಣ ಹೋಗಬೇಕು ಎಂಬ ನಿಯಮವನ್ನು ಅಕೌಂಟ್ಸ್‌ನವರಿಗೆ ಇಂದೇ ಹೇಳಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ಅದನ್ನು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಪರೀಕ್ಷೆಗೆ ನಾನು ಸೂಚಿಸುವ ಕ್ರಮ ಹೀಗಿದೆ. ಐದು ಕಂಪ್ಯೂಟರ್‌ಗಳನ್ನು ಆರಿಸಿ: ಅಕೌಂಟ್ಸ್‌ನದು ಒಂದು, ಡಿಸೈನ್ ವಿಭಾಗದ ಎರಡು, ಸ್ಟೋರ್ಸ್‌ನದು ಒಂದು, ನಿಮ್ಮ ಸ್ವಂತದ್ದು ಒಂದು. ಸಿಎನ್‌ಸಿ ಯಂತ್ರಕ್ಕೆ ತಂತಿ ಹೋಗಿರುವ ಯಾವುದನ್ನೂ ಮುಟ್ಟಿಸಬೇಡಿ. ಅವನ್ನು ಕಚೇರಿಯ ನೆಟ್‌ವರ್ಕಿನಿಂದ ಬೇರ್ಪಡಿಸುವುದೇ ಅಲ್ಲಿನ ರಕ್ಷಣೆ. ಒಂದು ಪೂರ್ತಿ ತಿಂಗಳು, ಅಂದರೆ 20ನೇ ತಾರೀಖು ಮತ್ತು ಸಂಬಳದ ದಿನ ಎರಡೂ ಒಳಗೆ ಬರುವಂತೆ, ಏನನ್ನೂ ತಡೆಯದೆ ನೋಡಿ ಬರೆದುಕೊಳ್ಳುವ ಸ್ಥಿತಿಯಲ್ಲಿ ಓಡಿಸಿ. ಎಷ್ಟು ಸುಳ್ಳು ಎಚ್ಚರಿಕೆಗಳು ಬಂದವು, ಹಳೆಯ ಕಂಪ್ಯೂಟರ್ ಎಷ್ಟು ನಿಧಾನವಾಯಿತು, ಫೋನ್ ಮಾಡಿದಾಗ ಯಾರು ಎತ್ತಿಕೊಂಡರು ಎಂದು ಒಂದು ಪುಸ್ತಕದಲ್ಲಿ ಬರೆಯಲು ಹೇಳಿ. ತಿಂಗಳ ಕೊನೆಗೆ, ಕೊಳ್ಳಲು ತೀರ್ಮಾನಿಸಿದ್ದರೂ ಸರಿಯೆ, ಐದರಲ್ಲಿ ಒಂದರಿಂದ ಅದನ್ನು ಪೂರ್ತಿ ತೆಗೆದುಹಾಕಲು ಕೇಳಿ. ಕುರುಹು ಉಳಿಯದಂತೆ ಹೊರಬರಲು ಬಾರದ ತಂತ್ರಾಂಶವನ್ನು ಉಳಿದ 21ಕ್ಕೆ ಬಿಡಬೇಡಿ.

ಕೊನೆಯದಾಗಿ ಆ ನಾಲ್ಕು ಪುಟದ ಪ್ರಶ್ನಾವಳಿ. ದೊಡ್ಡ ಕಂಪನಿಗಳು ಅದನ್ನು ಕಳಿಸುತ್ತಿರುವುದಕ್ಕೆ ಕಾರಣವಿದೆ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಯುಪಿಐ ಮುಂತಾದ ಪಾವತಿ ವ್ಯವಸ್ಥೆಗಳನ್ನು ನಡೆಸುವ ಎನ್‌ಪಿಸಿಐ ಅದನ್ನು ತನ್ನ ಪಾವತಿ ಜಾಲದಿಂದ ಬೇರ್ಪಡಿಸಿತು, ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತೆಂದು ವರದಿಯಾಗಿತ್ತು. ಸರಬರಾಜು ಮಾಡುವವರ ಮನೆಯ ಬಾಗಿಲು ತಮ್ಮದೂ ಹೌದೆಂದು ದೊಡ್ಡವರಿಗೆ ಅರ್ಥವಾಗಿದೆ. ಸರ್ಟ್-ಇನ್ 2025ರಲ್ಲಿ ಸಣ್ಣ ಉದ್ದಿಮೆಗಳಿಗೆಂದೇ 15 ಮೂಲ ನಿಯಂತ್ರಣಗಳನ್ನು ಪ್ರಕಟಿಸಿದೆ. ಪ್ರಶ್ನಾವಳಿಯನ್ನು ಅದರ ಪಕ್ಕದಲ್ಲಿಟ್ಟುಕೊಂಡು ಕುಳಿತರೆ ಅರ್ಧ ಕೆಲಸ ಹಗುರಾಗುತ್ತದೆ. ನಿಮ್ಮಲ್ಲಿ ಇಲ್ಲದ್ದಕ್ಕೆ ಇದೆ ಎಂದು ಗುರುತು ಹಾಕಬೇಡಿ, ತಂತ್ರಾಂಶ ಮಾರುವವರು ಹಾಕಿಕೊಡುತ್ತೇವೆಂದರೂ ಬೇಡ. ಇಲ್ಲ ಎಂದೇ ಬರೆದು, ಪಕ್ಕದಲ್ಲಿ ಯಾವ ತಿಂಗಳೊಳಗೆ ಆಗುತ್ತದೆ ಎಂದು ನಮೂದಿಸಿ. ಗ್ರಾಹಕರ ಕಡೆಯಿಂದ ಇಂಥ ಉತ್ತರಗಳನ್ನು ಓದಲು ನನ್ನನ್ನು ಕೂರಿಸಿದಾಗಲೆಲ್ಲ ನಾನು ಮೊದಲು ಅನುಮಾನಿಸಿದ್ದು ಎಲ್ಲ ಸಾಲಿನಲ್ಲೂ ಹೌದು ಎಂದಿದ್ದ ಪುಟಗಳನ್ನು.